ಬಂದುಹೋಗುವ ದೋಷ: ಬಳಸಿದ ಸ್ಪೋರ್ಟ್ಸ್ ಕಾರಿನ ಎಂಜಿನ್ ಪರೀಕ್ಷೆಯ ಒಂದು ಸಮೀಕ್ಷೆ

ಬಳಸಿದ ಸ್ಪೋರ್ಟ್ಸ್ ಕಾರನ್ನು ಕೊಂಡವರು ಎದುರಿಸುವ ಎಂಜಿನ್ ದೋಷಗಳು ಸ್ಥೂಲವಾಗಿ ಎರಡು ಬಗೆಯವು. ಮೊದಲನೆಯದು ಸದಾ ಇರುವ ದೋಷ. ಒಂದು ಸಿಲಿಂಡರು ಕೆಲಸ ಮಾಡದಿದ್ದರೆ, ನೀರಿನ ಪಂಪು ಸೋರುತ್ತಿದ್ದರೆ, ಸ್ಟಾರ್ಟರ್ ತಿರುಗದಿದ್ದರೆ ಅದು ಗ್ಯಾರೇಜಿನೊಳಗೂ ಹಾಗೆಯೇ ಇರುತ್ತದೆ, ನುರಿತ ಮೆಕ್ಯಾನಿಕ್‌ಗೆ ಅದನ್ನು ಗುರುತಿಸುವುದು ಕಷ್ಟವಲ್ಲ. ಎರಡನೆಯದು ಬಂದುಹೋಗುವ ದೋಷ. ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಓಡಿದ ಮೇಲೆ ಎಂಜಿನ್ ತಟ್ಟನೆ ನಿಲ್ಲುತ್ತದೆ, ಇಪ್ಪತ್ತು ನಿಮಿಷ ಕಾದರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ, ಮರುದಿನ ಗ್ಯಾರೇಜಿಗೆ ಒಯ್ದಾಗ ಯಾವ ತಪ್ಪನ್ನೂ ತೋರಿಸುವುದಿಲ್ಲ. ಈ ಎರಡನೆಯ ಬಗೆಯ ದೋಷವು ಎಂಜಿನ್ನಿನ ಯಾವುದೋ ಆಳದಲ್ಲಿ ಅಡಗಿದೆಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಕೊನೆಗೆ ಸಿಕ್ಕಿದಾಗ ಅದು ಹಲವು ವೇಳೆ ಕೈಗೆಟುಕುವ ಜಾಗದ ಒಂದು ರಿಲೇಯಲ್ಲೋ, ಸಡಿಲವಾದ ಅರ್ಥ್ ತಂತಿಯಲ್ಲೋ ಇರುತ್ತದೆ. ಅದು ಪತ್ತೆಯಾಗದಿರುವುದಕ್ಕೆ ಕಾರಣ ಅದರ ಆಳವಲ್ಲ, ಪರೀಕ್ಷೆಯ ಹೊತ್ತಿನಲ್ಲಿ ಅದು ಇಲ್ಲದಿರುವುದು. ಆದ್ದರಿಂದ ಇಲ್ಲಿ ಯಾವ ಭಾಗ ಕೆಟ್ಟಿದೆ ಎಂಬ ಪ್ರಶ್ನೆಗಿಂತ ಮೊದಲು ಯಾವ ಸ್ಥಿತಿಯಲ್ಲಿ ಕೆಡುತ್ತದೆ ಎಂಬ ಪ್ರಶ್ನೆ ಬರಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದ್ದರಿಂದಲೇ ಎಷ್ಟೋ ಒಳ್ಳೆಯ ಕಾರುಗಳು ಚಿಲ್ಲರೆ ಬಿಡಿಭಾಗಗಳ ಬೆಲೆಗೆ ಮಾರಾಟವಾಗಿವೆ.

ಪೆಟ್ರೋಲ್ ಎಂಜಿನ್ ನಡೆಯಲು ಬೇಕಾದುದು ಹೆಚ್ಚೇನಲ್ಲ: ಅಳತೆಗೆ ತಕ್ಕ ಗಾಳಿ, ಅಳತೆಗೆ ತಕ್ಕ ಇಂಧನ, ಸರಿಯಾದ ಕ್ಷಣದಲ್ಲಿ ಕಿಡಿ, ಮತ್ತು ಈ ಮಿಶ್ರಣವನ್ನು ಬಿಗಿಯಾಗಿ ಅದುಮಿ ಹಿಡಿಯುವ ಒತ್ತಡ, ಅಂದರೆ ಕಂಪ್ರೆಷನ್. ಸ್ಪೋರ್ಟ್ಸ್ ಕಾರಿನಲ್ಲಿ ಇವೇ ನಾಲ್ಕು ಅಗತ್ಯಗಳನ್ನು ಇಕ್ಕಟ್ಟಾದ, ಗಾಳಿಯಾಡದ ಜಾಗದಲ್ಲಿ, ಹೆಚ್ಚಿನ ವೇಗದಲ್ಲಿ, ಹೆಚ್ಚಿನ ಶಾಖದಲ್ಲಿ ಪೂರೈಸಬೇಕಾಗುತ್ತದೆ. ತಗ್ಗಾದ ಬಾನೆಟ್ಟಿನ ಕೆಳಗೆ ಎಂಜಿನ್ ನಿಲ್ಲಿಸಿದ ಮೇಲೆ ಕೆಲವು ನಿಮಿಷಗಳ ಕಾಲ ಬಿಸಿ ಇಳಿಯುವ ಬದಲು ಏರುತ್ತಲೇ ಇರುತ್ತದೆ, ಏಕೆಂದರೆ ರೇಡಿಯೇಟರಿನ ನೀರೂ ಎದುರುಗಾಳಿಯೂ ಏಕಕಾಲಕ್ಕೆ ನಿಂತುಹೋಗಿರುತ್ತವೆ, ಲೋಹದೊಳಗಿನ ಶಾಖ ಮಾತ್ರ ಸುತ್ತಲಿನ ರಬ್ಬರಿಗೂ ಪ್ಲಾಸ್ಟಿಕ್ಕಿಗೂ ತಂತಿಗೂ ಹರಿಯುತ್ತಿರುತ್ತದೆ. ಇಂಥ ಸಾವಿರಾರು ಬಿಸಿ-ತಂಪಿನ ಆವರ್ತಗಳನ್ನು ಕಂಡ ಮೂವತ್ತು ವರ್ಷದ ಬೆಸುಗೆ, ನಿರೋಧಕ ಹೊದಿಕೆ ಮತ್ತು ಕನೆಕ್ಟರುಗಳು ಒಮ್ಮೆಗೇ ಸಾಯುವುದಿಲ್ಲ. ಅವು ಬಿಸಿಯಾದಾಗ ಬಿಟ್ಟು ತಣ್ಣಗಾದಾಗ ಕೂಡಿಕೊಳ್ಳುವ ಒಂದು ದೀರ್ಘ ಅವಸ್ಥೆಯನ್ನು ಹಾದುಹೋಗುತ್ತವೆ. ಬಂದುಹೋಗುವ ದೋಷವೆಂದರೆ ಬಹುಪಾಲು ಈ ಅವಸ್ಥೆಯೇ.

ಈ ವಿಷಯವನ್ನು ವಿವರವಾಗಿ ನೋಡಲು ಪೋರ್ಷೆ 944 ಒಳ್ಳೆಯ ಮಾದರಿ. 1982ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದು 1991ರವರೆಗೆ ತಯಾರಾದ ಈ ಕಾರಿನ ಮೂಲ ಎಂಜಿನ್ 2.5 ಲೀಟರಿನ, ಒಂದು ಬದಿಗೆ ಓರೆಯಾಗಿ ಕೂರಿಸಿದ ನಾಲ್ಕು ಸಿಲಿಂಡರಿನದು. ಲಕ್ಷದ ಅರವತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದುದರಿಂದ ಇದು ಅಮೆರಿಕ, ಬ್ರಿಟನ್ ಮತ್ತು ಜರ್ಮನಿಗಳಲ್ಲಿ ಸಾಮಾನ್ಯ ಸಂಬಳದಾರರೂ ಕೊಳ್ಳಬಲ್ಲ ಹಳೆಯ ಸ್ಪೋರ್ಟ್ಸ್ ಕಾರಾಗಿ ಉಳಿದುಬಂತು, ಹಾಗಾಗಿಯೇ ಇದರ ದೋಷಗಳ ಕುರಿತ ತಿಳಿವಳಿಕೆಯೂ ದಟ್ಟವಾಗಿ ಬೆಳೆದಿದೆ. ಇದರ ಎಂಜಿನ್ನನ್ನು ನಿಯಂತ್ರಿಸುವುದು ಬಾಷ್ ಕಂಪನಿಯ ಮೋಟ್ರಾನಿಕ್ ವ್ಯವಸ್ಥೆ. ಅದಕ್ಕೆ ಮೊದಲು ಇಂಧನ ಚಿಮ್ಮಿಸುವ ಕೆಲಸವನ್ನೂ ಕಿಡಿ ಹೊತ್ತಿಸುವ ಕೆಲಸವನ್ನೂ ಬೇರೆ ಬೇರೆ ಸಾಧನಗಳು ನೋಡಿಕೊಳ್ಳುತ್ತಿದ್ದವು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನೊಂದಿಗೆ ಬಂದ ಮೋಟ್ರಾನಿಕ್ ಎರಡನ್ನೂ ಒಂದೇ ಡಿಜಿಟಲ್ ಕಂಪ್ಯೂಟರಿಗೆ ಒಪ್ಪಿಸಿತು.

ಎರಡು ಕೆಲಸಗಳನ್ನು ಒಂದೇ ಮಿದುಳಿಗೆ ಒಪ್ಪಿಸಿದ್ದರಿಂದ ಎಂಜಿನ್ನಿನ ನಡೆ ನಿಖರವಾಯಿತು, ಆದರೆ ಅದೇ ಕಾರಣಕ್ಕೆ ಒಂದು ಸಣ್ಣ ಸೋಲು ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವ ಸ್ಥಿತಿಯೂ ಬಂತು. 944ರಲ್ಲಿ ಕಂಪ್ಯೂಟರಿಗೂ ಇಂಧನ ಪಂಪಿಗೂ ವಿದ್ಯುತ್ ಒದಗಿಸುವುದು ಡಿಎಂಇ ರಿಲೇ ಎಂದು ಕರೆಯಲಾಗುವ ಒಂದೇ ಪೆಟ್ಟಿಗೆ. ರಿಲೇ ಎಂದರೆ ಸಣ್ಣ ವಿದ್ಯುತ್ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಹಚ್ಚಿ ಆರಿಸುವ ಸ್ವಿಚ್ಚು. ಈ ಪೆಟ್ಟಿಗೆಯೊಳಗೆ ಅಂಥ ಎರಡು ಸ್ವಿಚ್ಚುಗಳಿವೆ. ಕೀಲಿ ತಿರುಗಿಸಿದ ಕೂಡಲೇ ಮೊದಲನೆಯದು ಕಂಪ್ಯೂಟರಿಗೆ ಜೀವ ಕೊಡುತ್ತದೆ. ಎಂಜಿನ್ ನಿಜವಾಗಿ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಖಾತ್ರಿಯಾದ ಮೇಲಷ್ಟೇ ಎರಡನೆಯದು ಪಂಪನ್ನು ನಡೆಸುತ್ತದೆ; ಅಪಘಾತವಾಗಿ ಎಂಜಿನ್ ನಿಂತಾಗ ಪೆಟ್ರೋಲ್ ಹರಿಯುತ್ತಲೇ ಇರಬಾರದೆಂಬ ಸುರಕ್ಷತೆಯ ಏರ್ಪಾಡು ಇದು. ವರ್ಷಗಳ ಶಾಖ ಮತ್ತು ಅಲುಗಾಟಕ್ಕೆ ಈ ರಿಲೇಯೊಳಗಿನ ಬೆಸುಗೆಯಲ್ಲಿ ಉಂಗುರಾಕಾರದ, ಭೂತಗನ್ನಡಿಯಿಲ್ಲದೆ ಕಾಣದಷ್ಟು ಸೂಕ್ಷ್ಮವಾದ ಬಿರುಕು ಮೂಡುತ್ತದೆ. ತಣ್ಣಗಿರುವಾಗ ಬಿರುಕಿನ ಎರಡು ಅಂಚುಗಳು ತಾಗಿಕೊಂಡೇ ಇರುತ್ತವೆ, ಬಿಸಿಯಾಗಿ ಹಿಗ್ಗಿದಾಗ ಬೇರ್ಪಡುತ್ತವೆ, ಕಾರು ನಿಲ್ಲುತ್ತದೆ.

ಹಾಗಾದರೆ 944 ಬಿಸಿಯಾಗಿ ನಿಂತರೆ ರಿಲೇ ಬದಲಿಸುವುದೇ ಉತ್ತರವೆಂದು ತೋರಬಹುದು. ಈ ಕಾರಿನ ಒಡೆಯರಲ್ಲಿ ಅಂಥ ರೂಢಿಯೂ ಬೆಳೆದಿದ್ದು, ಮತ್ತೊಂದು ರಿಲೇಯನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡೇ ತಿರುಗಾಡುವವರು ಬಹಳ. ತೊಡಕೆಂದರೆ, ಇದೇ ಲಕ್ಷಣವನ್ನು ಹುಟ್ಟಿಸುವ ಬೇರೆ ಕಾರಣಗಳೂ ಇದೇ ಕಾರಿನಲ್ಲಿವೆ. ಎಂಜಿನ್ನಿನ ಹಿಂಬದಿಯಲ್ಲಿ, ಫ್ಲೈವೀಲ್ ಎಂಬ ಭಾರದ ಚಕ್ರದ ಅಂಚಿಗೆ ಮುಖಮಾಡಿ ಎರಡು ಸೆನ್ಸರುಗಳು ಕೂತಿವೆ. ಒಂದು ಸ್ಟಾರ್ಟರ್ ಹಲ್ಲುಗಳು ಹಾದುಹೋಗುವುದನ್ನು ಎಣಿಸಿ ವೇಗವನ್ನು ತಿಳಿಸುತ್ತದೆ, ಇನ್ನೊಂದು ಒಂದು ಸುತ್ತಿಗೆ ಒಮ್ಮೆ ಬರುವ ಗುರುತನ್ನು ಹಿಡಿದು ಪಿಸ್ಟನ್ನು ಎಲ್ಲಿದೆಯೆಂದು ತಿಳಿಸುತ್ತದೆ. ಇವುಗಳಲ್ಲಿ ಯಾವುದೊಂದು ಮೌನವಾದರೂ ಎಂಜಿನ್ ತಿರುಗುತ್ತಿಲ್ಲವೆಂದು ಕಂಪ್ಯೂಟರ್ ತಿಳಿದು ಕಿಡಿಯನ್ನೂ ಇಂಧನವನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಪಂಪಿನ ಸದ್ದು ಕೇಳಿಸದ ಮೆಕ್ಯಾನಿಕ್ ಪಂಪನ್ನೇ ದೂಷಿಸುತ್ತಾನೆ. ಪಂಪು ನಿರಪರಾಧಿ, ಅದಕ್ಕೆ ಆಜ್ಞೆ ಬಂದಿಲ್ಲ ಅಷ್ಟೇ. ಇಂಧನದ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಪಂಪು ದ್ರವದ ಬದಲು ಆವಿಯನ್ನು ಅದುಮುವ ಸ್ಥಿತಿಯೂ ಬಿಸಿಯಲ್ಲೇ ಬರುತ್ತದೆ, ತಂಪಾದಾಗ ಹೋಗುತ್ತದೆ.

ಇಲ್ಲಿ ಒಂದನ್ನೊಂದರಿಂದ ಬೇರ್ಪಡಿಸುವ ದಾರಿ ಇದೆ, ಅದಕ್ಕೆ ದುಬಾರಿ ಉಪಕರಣವೂ ಬೇಡ, ಆದರೆ ಅದನ್ನು ಕಾರು ನಿಂತ ಆ ಇಪ್ಪತ್ತು ನಿಮಿಷಗಳೊಳಗೇ ಮಾಡಬೇಕು. ಸ್ಟಾರ್ಟರ್ ತಿರುಗಿಸುವಾಗ ವೇಗಮಾಪಕದ ಪಕ್ಕದ ಆರ್‌ಪಿಎಂ ಮುಳ್ಳು ತುಸುವಾದರೂ ಅಲುಗಿದರೆ ಸೆನ್ಸರುಗಳು ಮತ್ತು ಕಂಪ್ಯೂಟರ್ ಬದುಕಿವೆ ಎಂದರ್ಥ, ಆಗ ಶೋಧವನ್ನು ಇಂಧನದ ಕಡೆಗೆ ತಿರುಗಿಸಬಹುದು. ಮುಳ್ಳು ಸೊನ್ನೆಯಲ್ಲೇ ಬಿದ್ದಿದ್ದರೆ ಸೆನ್ಸರು, ಅದರ ಕನೆಕ್ಟರು ಅಥವಾ ರಿಲೇಯ ಮೊದಲ ಅರ್ಧ ಸಂಶಯಕ್ಕೆ ಒಳಗಾಗುತ್ತವೆ. ರಿಲೇಯನ್ನು ಕಿತ್ತು, ಅದರ ಗೂಡಿನಲ್ಲಿ ಸರಿಯಾದ ಕಾಲುಗಳ ನಡುವೆ ತಂತಿ ಜೋಡಿಸಿ ವಿದ್ಯುತ್ತನ್ನು ನೇರವಾಗಿ ಹರಿಸಿದಾಗ ಕಾರು ಹೊರಟರೆ ರಿಲೇಯ ತಪ್ಪು ಸಾಬೀತಾಗುತ್ತದೆ. ಪಂಪು ಓಡಿದರೂ ಕಾರು ಹೊರಡದಿದ್ದರೆ ಕಿಡಿಯಿದೆಯೇ ಎಂಬುದು ಮುಂದಿನ ಪ್ರಶ್ನೆ. ಕಿಡಿಯಿದ್ದು ಇಂಧನದ ಪೈಪಿಗೆ ಕಟ್ಟಿದ ಗೇಜಿನಲ್ಲಿ ಒತ್ತಡ ಕುಸಿದಿದ್ದರೆ ಪೆಟ್ರೋಲ್ ಆವಿಯಾಗಿರುವ ಸಂಭವ ಹೆಚ್ಚು. ಹೀಗೆ ಮೂರು ನಾಲ್ಕು ಪ್ರಶ್ನೆಗಳೊಳಗೆ ಸಾಧ್ಯತೆಗಳು ಒಂದಕ್ಕಿಳಿಯುತ್ತವೆ. ಈ ಅವಕಾಶವನ್ನು ಬಿಟ್ಟು, ಕಾರು ತಣ್ಣಗಾಗುವವರೆಗೆ ಕಾದು ಮನೆಗೆ ಓಡಿಸಿಕೊಂಡು ಹೋಗಿ ಮರುದಿನ ರಿಲೇ, ಮರುವಾರ ಪಂಪು, ಮರುತಿಂಗಳು ಕಂಪ್ಯೂಟರ್ ಎಂದು ಬದಲಿಸುತ್ತ ಹೋಗುವುದೇ ಸಾಮಾನ್ಯವಾಗಿ ನಡೆಯುವ ಸಂಗತಿ, ಮತ್ತು ಅತ್ಯಂತ ಖೇದಕರ ಸಂಗತಿ.

ಸೆನ್ಸರಿನ ಸೋಲನ್ನು ಇನ್ನಷ್ಟು ಹತ್ತಿರದಿಂದ ನೋಡುವುದು ಉಚಿತ, ಏಕೆಂದರೆ ಮಾಪನವೇ ದಾರಿ ತಪ್ಪಿಸುವ ಬಗೆ ಅಲ್ಲಿ ಸ್ಪಷ್ಟವಾಗುತ್ತದೆ. ಈ ಸೆನ್ಸರು ಒಂದು ಆಯಸ್ಕಾಂತದ ಸುತ್ತ ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಎದುರಿಗೆ ಕಬ್ಬಿಣದ ಹಲ್ಲು ಹಾದುಹೋದಾಗ ಅದರಲ್ಲಿ ಸಣ್ಣ ವೋಲ್ಟೇಜು ಹುಟ್ಟುತ್ತದೆ. ಹಲ್ಲು ಎಷ್ಟು ವೇಗವಾಗಿ ಹಾದರೆ ಅಷ್ಟು ವೋಲ್ಟೇಜು, ಹಾಗಾಗಿ ಸ್ಟಾರ್ಟರ್ ತಿರುಗಿಸುವ ನಿಧಾನಗತಿಯಲ್ಲಿ ಸಂಕೇತ ಅತಿ ದುರ್ಬಲವಾಗಿರುತ್ತದೆ. 944ರಲ್ಲಿ ಸೆನ್ಸರಿನ ಮೂತಿಗೂ ಹಲ್ಲಿಗೂ ನಡುವೆ ಇರಬೇಕಾದ ಅಂತರ ಸುಮಾರು 0.8 ಮಿಲಿಮೀಟರ್, ಕ್ಲಚ್ ಬದಲಿಸಿದವರು ಇದನ್ನು ಮತ್ತೆ ಹೊಂದಿಸದೆ ಬಿಟ್ಟರೆ ಸಂಕೇತ ಇನ್ನಷ್ಟು ಕ್ಷೀಣಿಸುತ್ತದೆ. ಇಂಥ ಸೆನ್ಸರನ್ನು ಮೇಜಿನ ಮೇಲಿಟ್ಟು ಮಲ್ಟಿಮೀಟರಿನಿಂದ ಅಳೆದರೆ ಸುಮಾರು ಒಂದು ಸಾವಿರ ಓಮ್ ತೋರಿಸಿ ಆರೋಗ್ಯವಾಗಿದೆಯೆಂಬ ಭರವಸೆ ಕೊಡಬಹುದು. ತಾಮ್ರದ ಪ್ರತಿರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಶೇಕಡಾ ಹೆಚ್ಚುತ್ತದೆಯಾದ್ದರಿಂದ 20 ಡಿಗ್ರಿಯಲ್ಲಿ 1000 ಓಮ್ ಇದ್ದದ್ದು 100 ಡಿಗ್ರಿಯಲ್ಲಿ 1300 ಓಮ್ ದಾಟುವುದು ಸಹಜ, ಅದು ದೋಷವಲ್ಲ. ಆದರೆ ಬಿಸಿಯಲ್ಲಿ ಅದೇ ಅಳತೆ ಅನಂತಕ್ಕೆ ಜಿಗಿದರೆ ಒಳಗಿನ ತಂತಿಯಲ್ಲಿ ಬಿರುಕಿದೆ. ಎರಡನ್ನೂ ತಿಳಿಯಬೇಕಾದರೆ ಬಿಸಿಯಲ್ಲೇ ಅಳೆಯಬೇಕು. ತಣ್ಣನೆಯ ಸೆನ್ಸರಿನ ಅಳತೆ ಬಿಸಿ ಸೆನ್ಸರಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಪ್ರತಿರೋಧದ ಅಳತೆಯ ಮೇಲಿನ ಅತಿನಂಬಿಕೆ ತಂತಿಗಳ ವಿಷಯದಲ್ಲೂ ಅಷ್ಟೇ ಅಪಾಯಕಾರಿ. ಹತ್ತಾರು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮಲ್ಟಿಮೀಟರು ಸೊನ್ನೆಯ ಹತ್ತಿರದ ಅಂಕಿಯನ್ನೇ ತೋರಿಸುತ್ತದೆ, ಏಕೆಂದರೆ ಅದು ಅಳೆಯಲು ಹರಿಸುವ ಪ್ರವಾಹ ಅತ್ಯಲ್ಪ. ಅದೇ ತಂತಿ ಪಂಪಿನ ಭಾರವನ್ನು ಹೊರುವಾಗ ಬಿಸಿಯಾಗಿ ಸೋಲುತ್ತದೆ. ಆದ್ದರಿಂದ ಅನುಭವಿಗಳು ಮೆಚ್ಚುವ ಪರೀಕ್ಷೆ ವೋಲ್ಟೇಜ್ ನಷ್ಟದ್ದು: ವಿದ್ಯುತ್ ಮಂಡಲ ಕೆಲಸ ಮಾಡುತ್ತಿರುವಾಗಲೇ ತಂತಿಯ ಎರಡು ತುದಿಗಳ ನಡುವೆ ಎಷ್ಟು ವೋಲ್ಟು ಕಳೆದುಹೋಗುತ್ತಿದೆ ಎಂದು ನೋಡುವುದು. 10 ಆಂಪಿಯರ್ ಹರಿಯುವ ದಾರಿಯಲ್ಲಿ 0.1 ಓಮ್ ತುಕ್ಕು ಸೇರಿಕೊಂಡರೆ 1 ವೋಲ್ಟು ನಷ್ಟ; ಆ 0.1 ಓಮನ್ನು ಸಾಮಾನ್ಯ ಮೀಟರು ತನ್ನ ಸ್ವಂತ ತಂತಿಗಳ ಪ್ರತಿರೋಧದಿಂದ ಬೇರ್ಪಡಿಸಿ ತೋರಿಸಲಾರದು, ಆ 1 ವೋಲ್ಟನ್ನು ಮಾತ್ರ ಸುಲಭವಾಗಿ ತೋರಿಸುತ್ತದೆ. ಎಂಜಿನ್ ಮತ್ತು ಕಾರಿನ ಮೈ ನಡುವಿನ ಅರ್ಥ್ ಪಟ್ಟಿಗಳನ್ನು ಹೀಗೆ ಪರೀಕ್ಷಿಸುವುದು ಐದು ನಿಮಿಷದ ಕೆಲಸ. ಹಳೆಯ ಕಾರುಗಳಲ್ಲಿ ಮೊದಲು ಮಾಡಬೇಕಾದ ಈ ಕೆಲಸವನ್ನು ಬಹುತೇಕರು ಕೊನೆಗೆ ಮಾಡುತ್ತಾರೆ.

ದೋಷ ತಾನಾಗಿ ಬರುವವರೆಗೆ ಕಾಯುವುದರ ಬದಲು ಅದನ್ನು ಬರಿಸುವುದು ಮುಂದಿನ ಹೆಜ್ಜೆ. ಸಂಶಯವಿರುವ ರಿಲೇಗೋ ಸೆನ್ಸರಿಗೋ ಹೇರ್ ಡ್ರೈಯರಿನಿಂದ ಬಿಸಿಗಾಳಿ ಕೊಡುವುದು, ನಿಂತುಹೋದ ಎಂಜಿನ್ನಿನ ಒಂದೊಂದೇ ಭಾಗಕ್ಕೆ ತಂಪು ಸಿಂಪರಣೆ ಹೊಡೆದು ಯಾವುದು ತಣಿದಾಗ ಕಾರು ಏಳುತ್ತದೆಂದು ನೋಡುವುದು, ಎಂಜಿನ್ ನಡೆಯುತ್ತಿರುವಾಗ ತಂತಿಯ ಕಟ್ಟನ್ನು ಗೇಣುಗೇಣಾಗಿ ಅಲುಗಾಡಿಸುವುದು, ಕತ್ತಲಲ್ಲಿ ಸ್ಪಾರ್ಕ್ ಪ್ಲಗ್ ತಂತಿಗಳ ಮೇಲೆ ನೀರಿನ ಹನಿ ಚಿಮುಕಿಸಿ ಕಿಡಿ ಎಲ್ಲಿ ಹೊರಕ್ಕೆ ಹಾರುತ್ತದೆಂದು ಕಾಣುವುದು ಇವೆಲ್ಲ ಹಳೆಯ ಉಪಾಯಗಳು, ಇಂದಿಗೂ ಫಲಕಾರಿ. ಇವುಗಳ ಜೊತೆಗೆ ಆಸಿಲೋಸ್ಕೋಪ್ ಸೇರಿದರೆ ಕೆಲಸ ಇನ್ನೂ ಹಗುರ. ಮಲ್ಟಿಮೀಟರು ಸರಾಸರಿಯನ್ನು ತೋರಿಸಿದರೆ ಈ ಉಪಕರಣ ವೋಲ್ಟೇಜು ಕ್ಷಣಕ್ಷಣಕ್ಕೆ ಏರಿಳಿಯುವುದನ್ನು ಗೆರೆಯಾಗಿ ಬರೆಯುತ್ತದೆ, ಹಾಗಾಗಿ ಸಾವಿರ ಸಂಕೇತಗಳಲ್ಲಿ ಒಂದು ತಪ್ಪಿದರೂ ಕಣ್ಣಿಗೆ ಬೀಳುತ್ತದೆ. ಇಂಧನದ ಒತ್ತಡವನ್ನು ತೋರಿಸುವ ಗೇಜನ್ನು ಉದ್ದ ಪೈಪಿನಿಂದ ಜೋಡಿಸಿ ಗಾಜಿನ ಹೊರಬದಿಗೆ ಅಂಟಿಸಿಕೊಂಡು ಓಡಿಸುವುದೂ ಇದೇ ತತ್ತ್ವದ್ದು. ಕಾರು ಎಡವುವ ಕ್ಷಣದಲ್ಲಿ ಮುಳ್ಳು ಇಳಿದರೆ ಇಂಧನವೇ ಕಾರಣ, ಮುಳ್ಳು ಸ್ಥಿರವಾಗಿದ್ದರೆ ಆ ಇಡೀ ಶಾಖೆಯನ್ನೇ ಕೈಬಿಡಬಹುದು. ಏನನ್ನು ಕೈಬಿಡಬಹುದೆಂದು ತಿಳಿಯುವುದು ಕೂಡ ಶೋಧದ ಗಳಿಕೆಯೇ, ಆದರೆ ಹಣ ಕೊಡುವ ಒಡೆಯನಿಗೆ ಅದನ್ನು ಮನದಟ್ಟು ಮಾಡಿಸುವುದು ಕಷ್ಟ.

ಎಲ್ಲ ದೋಷಗಳೂ ಬಿಸಿಗೆ ಬರುವುದಿಲ್ಲ. ಕೆಲವು ಆಕ್ಸಿಲರೇಟರನ್ನು ಒಂದು ನಿರ್ದಿಷ್ಟ ಮಟ್ಟಕ್ಕೆ ಒತ್ತಿದಾಗ ಮಾತ್ರ ಬರುತ್ತವೆ. 944ರಂಥ ಕಾರುಗಳಲ್ಲಿ ಒಳಬರುವ ಗಾಳಿಯನ್ನು ಅಳೆಯುವುದು ಒಂದು ಬಾಗಿಲಿನಂಥ ಫಲಕ. ಅದು ಎಷ್ಟು ತೆರೆಯಿತೆಂಬುದನ್ನು ಇಂಗಾಲದ ಪಟ್ಟಿಯೊಂದರ ಮೇಲೆ ಉಜ್ಜುತ್ತ ಸಾಗುವ ಲೋಹದ ಕಡ್ಡಿ ಕಂಪ್ಯೂಟರಿಗೆ ತಿಳಿಸುತ್ತದೆ. ಹೆದ್ದಾರಿಯ ಸಮವೇಗದಲ್ಲಿ ಕಡ್ಡಿ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಡುಗುತ್ತಿರುವುದರಿಂದ ಆ ಜಾಗವೇ ಮೊದಲು ಸವೆಯುತ್ತದೆ, ಅದನ್ನು ಹಾದುಹೋಗುವಾಗಲೆಲ್ಲ ಕಾರು ಒಮ್ಮೆ ಮುಗ್ಗರಿಸುತ್ತದೆ. ಫಲಕವನ್ನು ಕೈಯಿಂದ ನಿಧಾನವಾಗಿ ತಳ್ಳುತ್ತ ವೋಲ್ಟೇಜನ್ನು ಗಮನಿಸಿದರೆ ಪಟ್ಟಿ ಎಲ್ಲಿ ಸವೆದಿದೆಯೆಂದು ತಿಳಿಯುತ್ತದೆ. ಇನ್ನು ಫಲಕದ ಆಚೆಗೆ, ಸೀಳಿದ ರಬ್ಬರ್ ಕೊಳವೆಯ ಮೂಲಕ ಕಳ್ಳದಾರಿಯಲ್ಲಿ ಒಳನುಗ್ಗುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಇದಕ್ಕೆ ಹೊಗೆಯ ಪರೀಕ್ಷೆಯೇ ಉತ್ತಮ: ಎಂಜಿನ್ ನಿಂತಿರುವಾಗ ಗಾಳಿಯ ದಾರಿಯೊಳಗೆ ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿದರೆ ಸೀಳಿದ ಜಾಗದಿಂದ ಅದು ಹೊರಬರುತ್ತದೆ.

1996ರ ಮಾದರಿಗಳಿಂದ ಅಮೆರಿಕದಲ್ಲಿ, ಬಳಿಕ ಯುರೋಪಿನಲ್ಲಿ ಕಡ್ಡಾಯವಾದ ಓಬಿಡಿ-2 ವ್ಯವಸ್ಥೆ ಈ ಶೋಧದ ಸ್ವರೂಪವನ್ನು ಬದಲಿಸಿತು. ಕಾರಿನ ಕಂಪ್ಯೂಟರು ತನ್ನನ್ನು ತಾನೇ ಸದಾ ಪರೀಕ್ಷಿಸಿಕೊಳ್ಳುತ್ತ, ತಪ್ಪು ಕಂಡಾಗ ಪಿ ಅಕ್ಷರದಿಂದ ಶುರುವಾಗುವ ಸಂಕೇತವೊಂದನ್ನು ನೆನಪಿನಲ್ಲಿಟ್ಟುಕೊಂಡು ದೀಪ ಹಚ್ಚುವ ಏರ್ಪಾಡು ಅದು. ಬಂದುಹೋಗುವ ದೋಷಕ್ಕೆ ಇದರ ಅತ್ಯಂತ ಬೆಲೆಬಾಳುವ ಕೊಡುಗೆ ಸಂಕೇತವಲ್ಲ, ಅದರ ಜೊತೆಗೆ ಉಳಿಯುವ ಸ್ಥಿತಿಚಿತ್ರ: ತಪ್ಪು ನಡೆದ ಕ್ಷಣದಲ್ಲಿ ಎಂಜಿನ್ನಿನ ವೇಗ, ನೀರಿನ ಉಷ್ಣತೆ, ಹೊರೆ ಎಷ್ಟಿದ್ದವೆಂಬ ದಾಖಲೆ. ದೋಷವಿದ್ದ ಹೊತ್ತಿನಲ್ಲಿ ಮೆಕ್ಯಾನಿಕ್ ಅಲ್ಲಿರಲಿಲ್ಲವೆಂಬ ಮೂಲ ಕೊರತೆಯನ್ನು ಇದು ಭಾಗಶಃ ತುಂಬುತ್ತದೆ. ಹಾಗಿದ್ದೂ ಸಂಕೇತವನ್ನು ಅಳಿಸಿ ಏನಾಗುತ್ತದೋ ನೋಡೋಣ ಎನ್ನುವ ಅಭ್ಯಾಸ ವ್ಯಾಪಕವಾಗಿದ್ದು, ಅಳಿಸಿದ ಒಡನೆ ಆ ಸ್ಥಿತಿಚಿತ್ರವೂ ಅಳಿಯುತ್ತದೆ. ಮಾರಾಟಕ್ಕಿರುವ ಕಾರಿನ ವಿಷಯದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಅಳಿಸಿದ ಮೇಲೆ ಕಾರು ತನ್ನ ಸ್ವಯಂಪರೀಕ್ಷೆಗಳನ್ನೆಲ್ಲ ಮತ್ತೆ ಪೂರೈಸಲು ಹಲವು ದಿನಗಳ ಓಡಾಟ ಬೇಕಾಗುತ್ತದೆ, ಆದ್ದರಿಂದ ದೀಪ ಆರಿದ್ದು ಪರೀಕ್ಷೆಗಳು ಮಾತ್ರ ಅಪೂರ್ಣವೆಂದು ಸ್ಕ್ಯಾನರು ತೋರಿಸಿದರೆ ಇತ್ತೀಚೆಗೆ ಯಾರೋ ನೆನಪನ್ನು ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ.

ಸಂಕೇತವನ್ನು ತೀರ್ಪೆಂದು ಓದುವುದು ಓಬಿಡಿ ಯುಗದ ಪ್ರಮುಖ ತಪ್ಪು. ಪಿ0171 ಎಂದರೆ ಮಿಶ್ರಣದಲ್ಲಿ ಇಂಧನ ಕಡಿಮೆಯಾಗಿದೆ ಎಂದಷ್ಟೇ ಅರ್ಥ, ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಸೆನ್ಸರು ಕೆಟ್ಟಿದೆ ಎಂದಲ್ಲ. ಆ ಸೆನ್ಸರು ಸುದ್ದಿ ತಂದಿದೆ, ತಪ್ಪು ಮಾಡಿಲ್ಲ. ಇಲ್ಲಿ ನೋಡಬೇಕಾದುದು ಇಂಧನದ ತಿದ್ದುಪಡಿ, ಅಂದರೆ ಪೆಟ್ರೋಲಿಗೆ ತಕ್ಕ 14.7ಕ್ಕೆ 1ರ ಗಾಳಿ-ಇಂಧನ ಅನುಪಾತವನ್ನು ಕಾಯ್ದುಕೊಳ್ಳಲು ಕಂಪ್ಯೂಟರು ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಇಂಧನ ಕೊಡುತ್ತಿದೆ ಎಂಬ ಅಂಕಿ. ಎಂಜಿನ್ ಸುಮ್ಮನೆ ನಿಂತು ಗುನುಗುವಾಗ ಈ ತಿದ್ದುಪಡಿ ಜಾಸ್ತಿಯಿದ್ದು ವೇಗ ಏರಿದಂತೆ ಸೊನ್ನೆಯತ್ತ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ, ಏಕೆಂದರೆ ಸೋರಿಕೆಯ ಗಾತ್ರ ಒಂದೇ ಆಗಿದ್ದು ಒಟ್ಟು ಗಾಳಿಯಲ್ಲಿ ಅದರ ಪಾಲು ಕುಗ್ಗುತ್ತ ಹೋಗುತ್ತದೆ. ತದ್ವಿರುದ್ಧವಾಗಿ, ಹೊರೆ ಏರಿದಂತೆ ತಿದ್ದುಪಡಿ ಏರಿದರೆ ಪಂಪಿಗೋ ಫಿಲ್ಟರಿಗೋ ಬೇಡಿಕೆಯನ್ನು ಪೂರೈಸುವ ಶಕ್ತಿಯಿಲ್ಲ. ಬಂದುಹೋಗುವ ಮಿಸ್ಸಿಂಗ್ ಅನ್ನು ಸೂಚಿಸುವ ಪಿ0300ರ ವಿಷಯದಲ್ಲೂ ಇದೇ ಎಚ್ಚರ ಬೇಕು. ಕಂಪ್ಯೂಟರು ಸಿಲಿಂಡರನ್ನು ನೇರವಾಗಿ ನೋಡುವುದಿಲ್ಲ, ಕ್ರ್ಯಾಂಕ್‌ಶಾಫ್ಟಿನ ವೇಗದಲ್ಲಿನ ಸೂಕ್ಷ್ಮ ಏರಿಳಿತದಿಂದ ಊಹಿಸುತ್ತದೆ. ಹಿಂದಿನ ಒಡೆಯ ಎಂಜಿನ್ ಚುರುಕಾಗಲೆಂದು ಹಗುರವಾದ ಫ್ಲೈವೀಲ್ ಹಾಕಿಸಿದ್ದರೆ ಆ ಏರಿಳಿತ ಸಹಜವಾಗಿಯೇ ಹೆಚ್ಚಿ, ಇಲ್ಲದ ದೋಷವನ್ನು ಕಂಪ್ಯೂಟರು ವರದಿ ಮಾಡಬಹುದು.

ವಿದ್ಯುತ್ತಿನ ದೋಷದ ವೇಷದಲ್ಲಿ ಬರುವ ಯಾಂತ್ರಿಕ ದೋಷಗಳು ಇನ್ನೂ ಜಟಿಲ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5ರ ಮೊದಲ 1.6 ಲೀಟರ್ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮೂತಿ ಗಿಡ್ಡವಾಗಿದ್ದು, ಮುಂಭಾಗದ ಬೋಲ್ಟು ಸರಿಯಾಗಿ ಬಿಗಿಯದಿದ್ದರೆ ಪುಲ್ಲಿಯನ್ನು ಹಿಡಿದಿಡುವ ಸಣ್ಣ ಕೀಲಿಯ ತೋಡು ಸವೆಯುತ್ತದೆ. ಆಗ ವಾಲ್ವುಗಳು ತೆರೆಯುವ ಕಾಲ ಸ್ವಲ್ಪಸ್ವಲ್ಪವೇ ಜಾರುತ್ತ ಕಾರಿನ ಪಿಕಪ್ ಕುಗ್ಗುತ್ತದೆ, ಗುನುಗು ಒರಟಾಗುತ್ತದೆ. ಪ್ಲಗ್ಗು, ಕಾಯಿಲ್, ಸೆನ್ಸರುಗಳನ್ನೆಲ್ಲ ಬದಲಿಸಿದರೂ ಗುಣವಾಗದ ಈ ಕಾಯಿಲೆಯನ್ನು, ಎಂಜಿನ್ ನಡೆಯುವಾಗ ಮುಂದಿನ ಪುಲ್ಲಿ ಓಲಾಡುತ್ತಿದೆಯೇ ಎಂದು ಬಗ್ಗಿ ನೋಡುವುದರಿಂದಲೇ ಎಷ್ಟೋ ವೇಳೆ ಗುರುತಿಸಬಹುದು.

2003ರಿಂದ 2012ರವರೆಗೆ ತಯಾರಾದ ಮಾಜ್ದಾ ಆರ್‌ಎಕ್ಸ್-8ರ ಉದಾಹರಣೆ ಈ ಸಮೀಕ್ಷೆಗೆ ಇನ್ನೂ ಮುಖ್ಯ, ಏಕೆಂದರೆ ಅದರ ಲಕ್ಷಣ 944ರದನ್ನೇ ಹೋಲುತ್ತದೆ: ಬಿಸಿಯಿದ್ದಾಗ ಹೊರಡುವುದಿಲ್ಲ, ತಣಿದರೆ ಹೊರಡುತ್ತದೆ. ಕಾರಣ ಮಾತ್ರ ಸಂಪೂರ್ಣ ಬೇರೆ. ಪಿಸ್ಟನ್ನಿನ ಬದಲು ಮೂರು ಮುಖದ ರೋಟರುಗಳು ತಿರುಗುವ ಈ ಎಂಜಿನ್ನಿನಲ್ಲಿ ರೋಟರಿನ ತುದಿಯ ಸೀಲುಗಳು ಸವೆದಾಗ ಅದುಮಿದ ಮಿಶ್ರಣ ಸೋರುತ್ತದೆ. ತಣ್ಣಗಿನ ದಪ್ಪ ಆಯಿಲ್ ಆ ಸಂದನ್ನು ಮುಚ್ಚುತ್ತದೆ, ಬಿಸಿಯಾಗಿ ತೆಳುವಾದಾಗ ಮುಚ್ಚುವುದಿಲ್ಲ. ಹೆಚ್ಚು ವೇಗವಾಗಿ ತಿರುಗಿಸುವ ಸ್ಟಾರ್ಟರ್ ಹಾಕಿದರೆ ಎಂಜಿನ್ ಮತ್ತೆ ಏಳುತ್ತದೆ, ರೋಗ ಮುಂದುವರಿಯುತ್ತದೆ. ಸಾಮಾನ್ಯ ಕಂಪ್ರೆಷನ್ ಗೇಜನ್ನು ಇದಕ್ಕೆ ಹಿಡಿದರೆ ಅದು ಮೂರು ಮುಖಗಳಲ್ಲಿ ಅತಿ ಹೆಚ್ಚಿನ ಒತ್ತಡವನ್ನಷ್ಟೇ ಹಿಡಿದಿಟ್ಟುಕೊಳ್ಳುವುದರಿಂದ ಒಂದು ಮುಖ ಗಟ್ಟಿಯಾಗಿದ್ದರೂ ರೋಟರು ಆರೋಗ್ಯವಾಗಿದೆಯೆಂದು ತೋರುತ್ತದೆ. ಪ್ರತಿ ಮುಖವನ್ನೂ ಪ್ರತ್ಯೇಕವಾಗಿ ಬರೆದುಕೊಳ್ಳುವ ವಿಶೇಷ ಉಪಕರಣದಿಂದ ಅಳೆದು, ಫಲಿತಾಂಶವನ್ನು ನಿಮಿಷಕ್ಕೆ 250 ಸುತ್ತಿನ ಮಾನಕ್ಕೆ ಹೊಂದಿಸಿ ನೋಡಿದಾಗ 680 ಕಿಲೋಪಾಸ್ಕಲ್‌ಗಿಂತ ಕೆಳಗಿರುವ ಎಂಜಿನ್ನನ್ನು ತಯಾರಕರ ಮಾನದಂಡ ಒಪ್ಪುವುದಿಲ್ಲ. ಒಂದೇ ಲಕ್ಷಣಕ್ಕೆ ಒಂದು ಕಾರಿನಲ್ಲಿ ಅಗ್ಗದ ರಿಲೇಯೂ ಮತ್ತೊಂದರಲ್ಲಿ ಇಡೀ ಎಂಜಿನ್ನಿನ ಪುನರ್ನಿರ್ಮಾಣವೂ ಉತ್ತರವಾಗಿರುವಾಗ ಲಕ್ಷಣದಿಂದ ನೇರವಾಗಿ ಮದ್ದಿಗೆ ಹಾರುವ ಸಲಹೆಗಳನ್ನು ನಂಬುವುದು ಸಲ್ಲದು.

ಹೆಸರಾದ ದೋಷವೊಂದು ಹೆಸರಾಗದ ದೋಷವನ್ನು ಮರೆಮಾಡುವುದೂ ಉಂಟು. 1990ರ ದಶಕದ ಕೊನೆಯಿಂದ ಬಂದ ಪೋರ್ಷೆ 996 ಮತ್ತು ಬಾಕ್ಸ್‌ಸ್ಟರ್ ಕಾರುಗಳ ಎಂ96 ಎಂಜಿನ್ನಿನಲ್ಲಿ ನಡುವಣ ಶಾಫ್ಟಿನ ಬೇರಿಂಗ್ ಕುಸಿದು ಎಂಜಿನ್ ನಾಶವಾಗುವ ವಿಷಯ ಅಮೆರಿಕದಲ್ಲಿ ಸಾಮೂಹಿಕ ಮೊಕದ್ದಮೆಯವರೆಗೂ ಹೋಗಿ 2013ರಲ್ಲಿ ಒಪ್ಪಂದದ ಮೂಲಕ ಇತ್ಯರ್ಥವಾಯಿತು. ಕೊಳ್ಳುವವರೆಲ್ಲ ಆ ಬೇರಿಂಗಿನ ಬಗ್ಗೆಯೇ ವಿಚಾರಿಸುವಂತಾಗಿ, ಸಿಲಿಂಡರಿನ ಗೋಡೆ ಗೀರುಬೀಳುವ ದೋಷ ಬಹುಕಾಲ ಹಿನ್ನೆಲೆಯಲ್ಲಿ ಉಳಿಯಿತು. ಇದರ ಆರಂಭದ ಲಕ್ಷಣಗಳು ಮೆಲುವಾದವು: ಎಂಜಿನ್ ಬಿಸಿಯಾದ ಮೇಲೆ ಕೇಳಿಸುವ ಟಿಕ್‌ಟಿಕ್ ಸದ್ದು, ಒಂದು ಬದಿಯ ಹೊಗೆಕೊಳವೆಯಲ್ಲಿ ಮಾತ್ರ ಹೆಚ್ಚಿನ ಮಸಿ, ಏರುವ ಆಯಿಲ್ ಖರ್ಚು. ಗೀರಿನ ಸಂದನ್ನು ಆಯಿಲೇ ತುಂಬುವುದರಿಂದ ಕಂಪ್ರೆಷನ್ ಪರೀಕ್ಷೆ ಬಹಳ ಕಾಲ ಸಹಜವೆಂದೇ ಹೇಳುತ್ತದೆ. ಸದ್ದನ್ನು ವಾಲ್ವಿನ ಲಿಫ್ಟರಿನದೆಂದು ತಿಳಿದು ಸುಮ್ಮನಾಗುವುದಕ್ಕಿಂತ ಬೋರೋಸ್ಕೋಪ್ ಎಂಬ ತೆಳು ಕ್ಯಾಮೆರಾವನ್ನು ಪ್ಲಗ್ಗಿನ ರಂಧ್ರದಿಂದ, ಸಾಧ್ಯವಾದರೆ ಆಯಿಲ್ ಸಂಪ್ ಬಿಚ್ಚಿ ಕೆಳಗಿನಿಂದಲೂ ಇಳಿಸಿ ಗೋಡೆಯನ್ನು ಕಣ್ಣಾರೆ ನೋಡುವುದೇ ಇಲ್ಲಿ ನಂಬಲರ್ಹ ದಾರಿ. ಆಯಿಲ್ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ಅಲ್ಲಿ ಸಿಕ್ಕ ಲೋಹದ ಚೂರುಗಳು ಆಯಸ್ಕಾಂತಕ್ಕೆ ಅಂಟುತ್ತವೆಯೇ ಎಂದು ನೋಡುವುದರಿಂದ ಉಕ್ಕಿನ ಬೇರಿಂಗಿನ ಚೂರೋ ಅಲ್ಯೂಮಿನಿಯಂ ಚೂರೋ ಎಂಬುದೂ ತಿಳಿಯುತ್ತದೆ.

ಬಳಸಿದ ಕಾರಿನಲ್ಲಿ ಈ ಎಲ್ಲ ತಾಂತ್ರಿಕ ಸಂಗತಿಗಳ ಮೇಲೆ ಹಿಂದಿನ ಒಡೆಯರ ಕೈಗುರುತುಗಳೂ ಪದರಪದರವಾಗಿ ಕೂತಿರುತ್ತವೆ. ಕಳ್ಳತನ ತಡೆಯಲು ಹಾಕಿಸಿ ಆಮೇಲೆ ಅರ್ಧ ಕಿತ್ತ ಅಲಾರ್ಮ್ ಹಲವು ಸಲ ಇಗ್ನಿಷನ್ ತಂತಿಯನ್ನೇ ಕತ್ತರಿಸಿ ನಡುವೆ ಸೇರಿಕೊಂಡಿರುತ್ತದೆ. ಟೇಪು ಸುತ್ತಿದ ಆ ಜೋಡಣೆ ವರ್ಷಗಳ ನಂತರ ಬಿಸಿಗೆ ಬಿಡುತ್ತದೆ, ತಯಾರಕರ ಯಾವ ವೈರಿಂಗ್ ನಕ್ಷೆಯಲ್ಲೂ ಅದು ಇರುವುದಿಲ್ಲ. ಆದಕಾರಣ ಶೋಧದ ಮೊದಲ ಗಂಟೆಯನ್ನು ಉಪಕರಣಗಳಿಗಲ್ಲ, ಹಳೆಯ ಬಿಲ್ಲುಗಳಿಗೆ ಮೀಸಲಿಡುವುದು ಉಚಿತ. ಒಂದೇ ಭಾಗ ಮೂರು ಸಲ ಬದಲಾಗಿದ್ದರೆ ಆ ಭಾಗ ಕೆಟ್ಟದ್ದೆಂದಲ್ಲ, ಅದೇ ದೋಷವನ್ನು ಮೂರು ಜನ ತಪ್ಪು ಜಾಗದಲ್ಲಿ ಹುಡುಕಿದ್ದಾರೆಂದು ತಿಳಿಯಬೇಕು.

ಮೂವತ್ತು ವರ್ಷದ ಕಾರಿನಲ್ಲಿ ರಿಲೇ, ಸೆನ್ಸರು, ರಬ್ಬರ್ ಕೊಳವೆಗಳನ್ನೆಲ್ಲ ಒಮ್ಮೆಗೇ ಬದಲಿಸಿಬಿಡುವುದು ಶೋಧಕ್ಕಿಂತ ಅಗ್ಗವೆಂಬ ವಾದಕ್ಕೆ ಸಾಕಷ್ಟು ಬೆಂಬಲವಿದೆ. ಹೇಗೂ ಆಯುಸ್ಸು ತೀರಿದ ಕೊಳವೆ, ಬೆಲ್ಟುಗಳ ಮಟ್ಟಿಗೆ ಅದು ಸರಿಯಾದ ಮಾತು. ಆದರೆ ದೋಷ ಇನ್ನೂ ಸಿಗದಿರುವಾಗ ಹತ್ತು ಭಾಗಗಳನ್ನು ಒಟ್ಟಿಗೆ ಬದಲಿಸಿದರೆ, ಗುಣವಾದರೂ ಯಾವುದರಿಂದ ಆಯಿತೆಂದು ತಿಳಿಯದು, ಗುಣವಾಗದಿದ್ದರೆ ಹತ್ತು ಹೊಸ ಅನಿಶ್ಚಿತತೆಗಳು ಸೇರಿಕೊಂಡಿರುತ್ತವೆ. ಹಳೆಯ ಮಾದರಿಗಳ ಬಿಡಿಭಾಗಗಳು ಇಂದು ಮೂಲ ತಯಾರಕರಿಂದಲೇ ಬರುತ್ತವೆಂಬ ಖಾತ್ರಿಯಿಲ್ಲ. ಅಗ್ಗದ ನಕಲು ಸೆನ್ಸರುಗಳ ಸಂಕೇತ ಮೂಲದಷ್ಟು ಬಲವಾಗಿರದೆ ಸ್ಟಾರ್ಟರಿನ ನಿಧಾನಗತಿಯಲ್ಲಿ ಕಂಪ್ಯೂಟರಿಗೆ ಕೇಳಿಸದೇ ಹೋಗಬಹುದು. ಆದ್ದರಿಂದ ಹೊಸ ಭಾಗವನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಸರಿಯಾದದ್ದೆಂದು ಒಪ್ಪಿಕೊಳ್ಳದೆ, ಹಳೆಯದನ್ನು ಯಾವ ಸ್ಥಿತಿಯಲ್ಲಿ, ಯಾವ ಉಪಕರಣದಿಂದ ಪರೀಕ್ಷಿಸಲಾಯಿತೋ ಅದೇ ಸ್ಥಿತಿಯಲ್ಲಿ ಅದನ್ನೂ ಪರೀಕ್ಷಿಸಿ, ಅಂಕಿಗಳನ್ನು ಬರೆದಿಟ್ಟು, ತೆಗೆದ ಹಳೆಯ ಭಾಗವನ್ನು ದೋಷ ನಿಜಕ್ಕೂ ಹೋಯಿತೆಂದು ಖಾತ್ರಿಯಾಗುವವರೆಗೆ ಎಸೆಯದೆ ಇಟ್ಟುಕೊಳ್ಳಬೇಕಾಗುತ್ತದೆ.